ಕಂಬ ನೆಡುವ ಮುನ್ನ: ನನ್ನ ಅನುಭವ

ಕಲ್ಲಿದ್ದಲಿನ ಬದಲು ಸೌರ, ಗಾಳಿ ವಿದ್ಯುತ್ತಿನ ಕಡೆಗೆ ಇಂಧನ ವ್ಯವಸ್ಥೆ ಬದಲಾಗುವ ಕಡೆಗಳಲ್ಲಿ ಜನರೊಂದಿಗೆ ಮಾತುಕತೆ ನಡೆಸಿ ಒಪ್ಪಂದಗಳನ್ನು ರೂಪಿಸುವುದು ನನ್ನ ಕೆಲಸ. ಸೌರ ಫಲಕ, ಗಾಳಿಯಂತ್ರಗಳ ಲೆಕ್ಕಾಚಾರವನ್ನು ಎಂಜಿನಿಯರುಗಳು ನೋಡಿಕೊಳ್ಳುತ್ತಾರೆ. ಯಂತ್ರ ಯಾರ ನೆಲದಲ್ಲಿ ನಿಲ್ಲುತ್ತದೆ, ಆದಾಯ ಯಾರ ಕೈಸೇರುತ್ತದೆ, ಯಾರ ಕೆಲಸ ಹೋಗುತ್ತದೆ ಎಂಬ ಲೆಕ್ಕ ನನ್ನ ಪಾಲಿಗೆ ಬರುತ್ತದೆ.

ಜನ ವಿರೋಧಿಸಿದರೆ ಅದಕ್ಕೆ ತಿಳಿವಳಿಕೆಯ ಕೊರತೆಯೇ ಕಾರಣವೆಂದು ಬಗೆದು, ಯೋಜನೆ ರೂಪಿಸುವವರು ಕರಪತ್ರಗಳಿಗೂ ಭಾಷಣಗಳಿಗೂ ಹಣ ಮೀಸಲಿಡುವುದುಂಟು. ನಾನು ಕಂಡಂತೆ, ಸಭೆಗೆ ಬಂದವರಿಗೆ ಸೌರವಿದ್ಯುತ್ತಿನ ಒಳಿತು ಮೊದಲೇ ಗೊತ್ತಿರುತ್ತದೆ. ಒಪ್ಪಂದದಲ್ಲಿ ತಮ್ಮ ಸ್ಥಾನ ಏನೆಂಬುದನ್ನು ಮಾತ್ರ ಅವರಿಗೆ ಯಾರೂ ಹೇಳಿರುವುದಿಲ್ಲ. ಆದ್ದರಿಂದ ಮೊದಲ ಸಭೆಗೆ ನಾನು ಕರಡು ಒಪ್ಪಂದವನ್ನೂ ಯಾವ ಗುರುತೂ ಹಾಕದ ನಕ್ಷೆಯನ್ನೂ ಒಯ್ಯುತ್ತೇನೆ.

ಅಂಥ ನಕ್ಷೆಯೊಂದನ್ನು ನೆಲದ ಮೇಲೆ ಹಾಸಿದಾಗ, ಕುರಿ ಮೇಯಿಸುವ ಮಹಿಳೆಯೊಬ್ಬರು ಮುಂದೆ ಬಂದು, ದಾಖಲೆಯಲ್ಲಿ ಪಾಳುಭೂಮಿ ಎಂದು ನಮೂದಾಗಿದ್ದ ಜಾಗದ ನಡುವೆ ಮಂದೆ ನೀರಿಗೆ ಹೋಗುವ ದಾರಿಯನ್ನು ಬೆರಳಿನಿಂದ ಎಳೆದು ತೋರಿಸಿದರು. ಅವರ ಹೆಸರು ಯಾವ ಭೂದಾಖಲೆಯಲ್ಲೂ ಇರಲಿಲ್ಲ. ಮಾಲೀಕರಿಗೆ ಗುತ್ತಿಗೆಯ ಹಣ ಬರುತ್ತದೆ. ಅದೇ ನೆಲವನ್ನು ನೆಚ್ಚಿಕೊಂಡ ಗೇಣಿದಾರರಿಗೆ, ಕೂಲಿಕಾರರಿಗೆ, ಪಶುಪಾಲಕರಿಗೆ ಏನು ಸಿಗುತ್ತದೆ ಎಂದು ಕೇಳುವವರೇ ಇರುವುದಿಲ್ಲ. ಬೇಲಿಯನ್ನು ಸರಿಸಿ ದಾರಿ ಉಳಿಸುವುದಾಗಲಿ, ಫಲಕಗಳನ್ನು ಎತ್ತರಿಸಿ ಅಡಿಯಲ್ಲಿ ಕುರಿ ಮೇಯಲು ಬಿಡುವುದಾಗಲಿ ವಿನ್ಯಾಸದ ಹಂತದಲ್ಲಿ ಸುಲಭ. ಕಂಬ ನೆಟ್ಟ ಮೇಲೆ ಬಹಳ ದುಬಾರಿ.

ಒಡೆತನದ ವಿಷಯದಲ್ಲಿ ನಾನು ಡೆನ್ಮಾರ್ಕಿನ ಉದಾಹರಣೆ ಕೊಡುತ್ತೇನೆ. ಅಲ್ಲಿ 2009ರಲ್ಲಿ ಜಾರಿಗೆ ಬಂದ ಕಾನೂನು, ಹೊಸ ಗಾಳಿಯಂತ್ರಗಳ ಕನಿಷ್ಠ ಶೇ. 20ರಷ್ಟು ಪಾಲನ್ನು ಸ್ಥಳೀಯರಿಗೆ ಮಾರಾಟಕ್ಕಿಡಬೇಕೆಂದೂ 4.5 ಕಿಲೋಮೀಟರ್ ವ್ಯಾಪ್ತಿಯ ನಿವಾಸಿಗಳಿಗೆ ಮೊದಲ ಆದ್ಯತೆ ಇರಬೇಕೆಂದೂ ವಿಧಿಸಿತ್ತು. ಆದರೆ ಪಾಲು ಕೊಳ್ಳಲು ಹಣ ಬೇಕು, ಉಳಿತಾಯವಿಲ್ಲದವರು ಹೊರಗೇ ಉಳಿಯುತ್ತಾರೆ. ಹಾಗಾಗಿ ವರಮಾನದ ಒಂದು ಭಾಗ ಎಲ್ಲರ ನಿಧಿಗೆ ಸೇರಬೇಕು, ಒಡೆತನದ ಪಾಲನ್ನು ಕಂತುಗಳಲ್ಲಿ ಕೊಳ್ಳಲು ಅವಕಾಶವಿರಬೇಕು ಎಂದು ನಾನು ಪಟ್ಟು ಹಿಡಿಯುತ್ತೇನೆ. ಇದರಿಂದ ಮಾತುಕತೆ ತಿಂಗಳುಗಟ್ಟಲೆ ಎಳೆಯುತ್ತದೆ, ಹೂಡಿಕೆದಾರರು ಬೇಸರಪಡುತ್ತಾರೆ. ಆದರೂ ಈ ಅಂಶವನ್ನು ನಾನು ಬಿಟ್ಟುಕೊಡುವುದಿಲ್ಲ.

ಕಲ್ಲಿದ್ದಲು ಸ್ಥಾವರಗಳ ನೌಕರರ ಪ್ರಶ್ನೆ ಇನ್ನೂ ಕಠಿಣ. ಕಾರ್ಮಿಕರಿಗೆ ನ್ಯಾಯಯುತ ಪರಿವರ್ತನೆ, ಅಂದರೆ ಬದಲಾವಣೆಯ ಹೊರೆ ಅವರ ಮೇಲಷ್ಟೇ ಬೀಳದಂತೆ ನೋಡಿಕೊಳ್ಳುವುದು, ಅಗತ್ಯವೆಂದು ಹವಾಮಾನ ಬದಲಾವಣೆ ಕುರಿತ 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆ ಹೇಳುತ್ತದೆ. 2038ರೊಳಗೆ ಕಲ್ಲಿದ್ದಲು ವಿದ್ಯುತ್ ನಿಲ್ಲಿಸಲು 2020ರಲ್ಲಿ ಕಾನೂನು ಮಾಡಿದ ಜರ್ಮನಿ, ಗಣಿ ಪ್ರದೇಶಗಳಿಗೆ 40 ಬಿಲಿಯನ್ ಯೂರೋವರೆಗಿನ ನೆರವನ್ನೂ ಘೋಷಿಸಿತು. ಸೌರ ಸ್ಥಾವರ ಕಟ್ಟುವಾಗ ನೂರಾರು ಕೈಗಳು ಬೇಕು, ನಡೆಸಲು ಬೆರಳೆಣಿಕೆಯಷ್ಟು ಜನ ಸಾಕು. ಬಾಯ್ಲರ್ ಮುಂದೆ ಇಪ್ಪತ್ತು ವರ್ಷ ದುಡಿದವರಿಗೆ ಫಲಕ ಜೋಡಿಸುವ ತರಬೇತಿಯ ಪ್ರಮಾಣಪತ್ರ ಕೊಟ್ಟರೆ ಸಾಲದು. ಹಳೆಯ ಸ್ಥಾವರ ಮುಚ್ಚುವ ಮೊದಲೇ ಹೊಸ ಕೆಲಸದ ಸಂಬಳ, ಪಿಂಚಣಿ, ಸೇವಾ ಹಿರಿತನಗಳು ಬರಹದಲ್ಲಿ ಇತ್ಯರ್ಥವಾಗಬೇಕು.

ಸಹಿಗೆ ಮುನ್ನ ಪ್ರತಿ ಷರತ್ತನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ಅದರಲ್ಲಿ ಎರಡನ್ನು ಎಂದೂ ಕೈಬಿಡುವುದಿಲ್ಲ: ಕೆಲವು ವರ್ಷಗಳಿಗೊಮ್ಮೆ ಬಾಡಿಗೆಯ ಪರಿಷ್ಕರಣೆ, ಮತ್ತು ಅವಧಿ ಮುಗಿದಾಗ ಫಲಕಗಳನ್ನೂ ಅಡಿಪಾಯವನ್ನೂ ತೆಗೆದು ನೆಲವನ್ನು ಮೊದಲಿನಂತೆ ಒಪ್ಪಿಸುವ ಖರ್ಚಿಗಾಗಿ ಕಂಪನಿ ಮುಂಗಡವಾಗಿ ಇಡಬೇಕಾದ ಠೇವಣಿ.