ನೆಟ್‌ವರ್ಕ್ ಇಲ್ಲದ ಬೆಟ್ಟದಲ್ಲಿ ಜೊತೆಗಾರ ಕೈತಪ್ಪದಿರಲಿ

ಕಳಸದಿಂದ ಸಂಸೆ ದಾಟಿ ಜೀಪು ಮುಳ್ಳೋಡಿ ಕಡೆ ತಿರುಗಿತು ಅಂದರೆ ಬಹುತೇಕ ಫೋನುಗಳಲ್ಲಿ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ಅಲ್ಲಿಂದ ಕುದುರೆಮುಖದ ನೆತ್ತಿಗೆ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡಿಗೆ. ಕುಮಾರ ಪರ್ವತ, ತಡಿಯಂಡಮೋಳ್, ಕೊಡಚಾದ್ರಿಯ ಹಾದಿಗಳಲ್ಲೂ ನೆಟ್‌ವರ್ಕ್ ಇಲ್ಲದ ಜಾಗಗಳಿಗೆ ಬರವಿಲ್ಲ. ಇಬ್ಬರು ಹೊರಟರೆ ಒಬ್ಬರ ಕಾಲು ಚುರುಕು, ಇನ್ನೊಬ್ಬರದು ನಿಧಾನ. ಮುಂದೆ ಹೋದವರು ಕಾಲುದಾರಿಯ ಕವಲಿನಲ್ಲಿ ಎಡಕ್ಕೆ ಹೋಗಿರುತ್ತಾರೆ. ಹಿಂದೆ ಬಂದವರು ದನ ಓಡಾಡಿದ ಜಾಡನ್ನೇ ದಾರಿ ಅಂದುಕೊಂಡು ಬಲಕ್ಕೆ ಹೋಗುತ್ತಾರೆ. ಅಷ್ಟರಲ್ಲಿ ಮಂಜು ಮುಸುಕಿದರೆ ಹತ್ತು ಮಾರು ದೂರದ ಬಂಡೆಯೂ ಕಾಣುವುದಿಲ್ಲ.

ಕಾಡಿಗೆ ಹೊರಟವರು ಮೊದಲು ಕೇಳುವುದು "ಯಾವ ವಾಕಿಟಾಕಿ ಒಳ್ಳೆಯದು?" ಅಂತ. ಅದನ್ನು ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ದುಡ್ಡು ಖರ್ಚಿಲ್ಲದ ಕೆಲವು ಕೆಲಸಗಳಿವೆ. ಅವನ್ನು ಮಾಡದೆ ಯಂತ್ರ ಕೊಂಡರೆ ಸುಮ್ನೆ ಭಾರ ಹೊತ್ತಂತೆ.

ಹಿಂದಿನ ದಿನ ಸಂಜೆ

ಒಂದು ಹಾಳೆ ತೆಗೆದುಕೊಳ್ಳಿ. ಯಾವ ಬೆಟ್ಟ, ಯಾವ ಕಡೆಯಿಂದ ಹತ್ತುವುದು, ಯಾವ ಕಡೆ ಇಳಿಯುವುದು, ಗಾಡಿ ನಂಬರ್, ಗಾಡಿ ನಿಲ್ಲಿಸುವ ಜಾಗ, ಗೈಡ್ ಮತ್ತು ಹೋಂಸ್ಟೇ ಫೋನ್ ನಂಬರ್ ಬರೆಯಿರಿ. ಕೊನೆಗೆ ಎರಡು ಸಮಯ ಬರೆಯಿರಿ. ಒಂದು, ನೀವು ಕೆಳಗೆ ಬಂದು ಫೋನ್ ಮಾಡುವ ಹೊತ್ತು. ಇನ್ನೊಂದು, ಅಷ್ಟರೊಳಗೆ ಫೋನ್ ಬರದಿದ್ದರೆ ಮನೆಯವರು ವಿಚಾರಿಸಲು ಶುರುಮಾಡಬೇಕಾದ ಹೊತ್ತು. ಎರಡರ ನಡುವೆ ಎರಡು ಮೂರು ಗಂಟೆ ಅಂತರ ಇರಲಿ. ಬೆಟ್ಟ ಇಳಿಯುವಾಗ ಹೊತ್ತಾಗುವುದು ಮಾಮೂಲು, ಮನೆಯವರು ಅನಾವಶ್ಯಕ ಗಾಬರಿಯಾಗಬಾರದು. ಹಾಳೆಯನ್ನು ಮನೆಯಲ್ಲೇ ಇರುವ ಒಬ್ಬರ ಕೈಗೆ ಕೊಟ್ಟು, ಅದರ ಫೋಟೋವನ್ನೂ ಅವರಿಗೆ ಕಳಿಸಿ.

"ಎರಡು ದಿನ ಚಾರಣಕ್ಕೆ ಹೋಗ್ತಿದ್ದೀವಿ" ಅಂತ ಹೇಳಿ ಹೊರಡುವವರೇ ಜಾಸ್ತಿ. ಎಲ್ಲಿ ಅಂತ ಗೊತ್ತಿಲ್ಲದಿದ್ದರೆ ಮನೆಯವರು ಯಾರಿಗೆ ಫೋನ್ ಮಾಡಬೇಕು ಹೇಳಿ?

ಫೋನ್ ಪೂರ್ತಿ ಸತ್ತಿಲ್ಲ

ನೆಟ್‌ವರ್ಕ್ ಹೋದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ. ಅದು ನೇರವಾಗಿ ಉಪಗ್ರಹಗಳಿಂದ ಸಂಕೇತ ಪಡೆಯುತ್ತದೆ, ಟವರ್ ಬೇಕಿಲ್ಲ. ಇಲ್ಲದಿರುವುದು ನಕ್ಷೆ ಅಷ್ಟೇ. ಹಾಗಾಗಿ ಮನೆಯಲ್ಲಿ ವೈಫೈ ಇರುವಾಗಲೇ ಆ ಜಾಗದ ನಕ್ಷೆ ಇಳಿಸಿಕೊಳ್ಳಿ. ಗೂಗಲ್ ಮ್ಯಾಪ್ಸ್‌ನಲ್ಲಿ ಆಫ್‌ಲೈನ್ ನಕ್ಷೆ ಸಿಗುತ್ತದೆ, ಆದರೆ ಅದು ರಸ್ತೆಗಳಿಗೆ ಚೆನ್ನಾಗಿದೆ, ಕಾಲುದಾರಿಗಳಿಗೆ ಅಷ್ಟಕ್ಕಷ್ಟೆ. ಕಾಲುದಾರಿಗೆ ಓಎಸ್‌ಎಂಆಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪ್ ಮೇಲು. ಹಾದಿಯ ಜಿಪಿಎಕ್ಸ್ ಫೈಲ್ (ಮೊದಲು ನಡೆದವರ ಜಾಡನ್ನು ನಕ್ಷೆಯ ಮೇಲೆ ತೋರಿಸುವ ಫೈಲ್) ಸಿಕ್ಕರೆ ಇಬ್ಬರ ಫೋನಿಗೂ ಹಾಕಿಕೊಳ್ಳಿ. ಒಬ್ಬರ ಫೋನಿನಲ್ಲಿ ಮಾತ್ರ ಇದ್ದರೆ ದಾರಿ ತಪ್ಪುವವರು ಇನ್ನೊಬ್ಬರೇ ಆಗಬಹುದು.

ನಡೆಯಲು ಶುರುಮಾಡುವಾಗ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಇಲ್ಲವಾದರೆ ಅದು ಇಲ್ಲದ ಟವರನ್ನು ಹುಡುಕುತ್ತಾ ಹುಡುಕುತ್ತಾ ಮಧ್ಯಾಹ್ನದೊಳಗೆ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ಬೆಟ್ಟದ ಏಣಿನ (ಉದ್ದನೆಯ ಬೆನ್ನಿನ) ಮೇಲೆ ಅಥವಾ ನೆತ್ತಿಯಲ್ಲಿ ಎಷ್ಟೋ ಸಲ ದೂರದ ಟವರ್ ಸಿಗುತ್ತದೆ. ಅಲ್ಲಿ ಮಾತ್ರ ಫ್ಲೈಟ್ ಮೋಡ್ ತೆಗೆದು ಒಂದೆರಡು ನಿಮಿಷ ನೋಡಿ. ಸಿಗ್ನಲ್ ಒಂದೇ ಕಡ್ಡಿ ಇದ್ದರೆ ಕರೆ ಮಾಡುತ್ತಾ ಕೂರಬೇಡಿ, ವಾಟ್ಸಾಪ್ ಕೂಡ ಬೇಡ. ಮಾಮೂಲಿ ಎಸ್‌ಎಂಎಸ್ ಕಳಿಸಿ. ಅರೆಕ್ಷಣ ಸಿಗ್ನಲ್ ಸಿಕ್ಕರೂ ಅದು ಹೊರಟುಬಿಡುತ್ತದೆ.

ಇರುವ ಜಾಗವನ್ನು ಅಕ್ಷಾಂಶ ರೇಖಾಂಶದಲ್ಲಿ ಹೇಳುವುದನ್ನು ಇಬ್ಬರೂ ಮೊದಲೇ ಕಲಿತಿರಿ. ಬಿಂದುವಿನ ನಂತರ ನಾಲ್ಕು ಅಂಕಿ ಹೇಳಿದರೆ ಸುಮಾರು 11 ಮೀಟರ್ ಹತ್ತಿರಕ್ಕೆ ಜಾಗ ಸಿಗುತ್ತದೆ. ಹುಡುಕುವವರಿಗೆ ಅಷ್ಟು ಸಾಕು.

ಯಾರು ಕೂರಬೇಕು, ಯಾರು ಹುಡುಕಬೇಕು

ಇದು ಇಡೀ ಲೇಖನದಲ್ಲಿ ಮುಖ್ಯವಾದ ಭಾಗ. ದಯವಿಟ್ಟು ನಿಧಾನವಾಗಿ ಓದಿ.

ಬೇರೆಯಾದ ಇಬ್ಬರೂ ಒಬ್ಬರನ್ನೊಬ್ಬರು ಹುಡುಕಲು ಹೊರಟರೆ ಒಂದೇ ಗುಡ್ಡವನ್ನು ಸುತ್ತುತ್ತಾ ಒಬ್ಬರಿಗೊಬ್ಬರು ಸಿಗದೇ ಹೋಗಬಹುದು. ಇಬ್ಬರೂ ಕೂತರೆ ಇಬ್ಬರೂ ಕೂತೇ ಇರುತ್ತಾರೆ. ಆದ್ದರಿಂದ ಮುಳ್ಳೋಡಿಯಲ್ಲಿ ಚಹಾ ಕುಡಿಯುವಾಗಲೇ ಮಾತಾಡಿಕೊಳ್ಳಿ. ನಾನು ಹೇಳುವ ಕ್ರಮ ಹೀಗಿದೆ.

ದಾರಿ ಕವಲೊಡೆದಲ್ಲಿ ಮುಂದಿನವರು ನಿಲ್ಲಲೇಬೇಕು. ಹಿಂದಿನವರು ಬಂದು, ಮುಖ ನೋಡಿ, ಆಮೇಲೆ ಇಬ್ಬರೂ ಮುಂದೆ. ಹಳ್ಳ ದಾಟುವಲ್ಲೂ ಇದೇ ನಿಯಮ. ಕುದುರೆಮುಖದ ಹಾದಿಯಲ್ಲಿ ಹಳ್ಳಗಳು ಹಲವು. ಮಳೆಗಾಲದಲ್ಲಿ ಒಬ್ಬರು ದಾಟಿದ ಮೇಲೆ ನೀರು ಏರಿ ಇನ್ನೊಬ್ಬರು ಆಚೆ ದಡದಲ್ಲೇ ಉಳಿಯಬೇಕಾಗಬಹುದು.

ಇನ್ನು, ಇಬ್ಬರಿಗೂ ಕಣ್ಣಿಗೆ ಕಟ್ಟಿದಂತೆ ಗೊತ್ತಿರುವ ಗುರುತುಗಳನ್ನು ಆರಿಸಿಕೊಳ್ಳಿ. ಕುದುರೆಮುಖದಲ್ಲಿ ಒಂಟಿಮರ ಇದೆ. ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತುವವರಿಗೆ ಭಟ್ಟರ ಮನೆ, ಕಲ್ಲುಮಂಟಪ, ಶೇಷಪರ್ವತ ಇವೆ. ಕಾಣೆಯಾದಾಗ "ದಾಟಿ ಬಂದ ಕೊನೆಯ ಗುರುತಿಗೆ ವಾಪಸ್" ಅನ್ನುವುದೇ ಒಪ್ಪಂದ. ಮುಂದಿನ ಗುರುತಿಗೆ ಅಂತ ಯಾವತ್ತೂ ಇಟ್ಟುಕೊಳ್ಳಬೇಡಿ. ಬಂದ ದಾರಿ ಇಬ್ಬರಿಗೂ ಗೊತ್ತಿರುತ್ತದೆ, ಹೋಗುವ ದಾರಿ ಗೊತ್ತಿರುವುದಿಲ್ಲ ಅಲ್ವಾ?

ಆ ಗುರುತಿಗೆ ವಾಪಸ್ ಹೋಗುವ ದಾರಿ ಖಚಿತವಾಗಿ ಗೊತ್ತಿರುವವರು ಹೋಗಿ ಅಲ್ಲಿ ಕಾಯಲಿ. ಖಚಿತವಿಲ್ಲದವರು ಇದ್ದಲ್ಲೇ ಕೂತು ಸದ್ದು ಮಾಡಲಿ. ಕಾಯುವವರು ಅರ್ಧ ಗಂಟೆ ನೋಡಿ, ಆಮೇಲೆ ಬಂದ ದಾರಿಯಲ್ಲಿ ಕವಲಿನವರೆಗೆ ಮಾತ್ರ ಹೋಗಿ ಕರೆದು ಬರಲಿ. ಹೊರಡುವ ಮುಂಚೆ ಗುರುತಿನಲ್ಲಿ ಚೀಟಿ ಇಡಬೇಕು. ಒಂದು ಕಾಗದದಲ್ಲಿ "11.40. ಕವಲಿಗೆ ಹೋಗಿ 12.10ಕ್ಕೆ ಇಲ್ಲಿಗೇ ಬರ್ತೀನಿ. ಇಲ್ಲೇ ಇರು" ಅಂತ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೇಲೆ ಕಲ್ಲು ಹೇರಿ. ಸಮಯ ಬರೆಯದ ಚೀಟಿ ಪ್ರಯೋಜನಕ್ಕೆ ಬಾರದು. ಅದನ್ನು ಈಗ ಇಟ್ಟದ್ದೋ, ಎರಡು ಗಂಟೆ ಹಿಂದೆ ಇಟ್ಟದ್ದೋ ಓದಿದವರಿಗೆ ತಿಳಿಯುವುದಿಲ್ಲ. ವಾಪಸ್ ಬರುವಾಗ ಆ ಕವರನ್ನು ತೆಗೆದುಕೊಂಡು ಬನ್ನಿ, ಕಾಡಿನಲ್ಲಿ ಬಿಡಬೇಡಿ.

ಗೈಡ್ ಜೊತೆಗಿದ್ದರೆ ಈ ಒಪ್ಪಂದ ಅವರಿಗೂ ಗೊತ್ತಿರಲಿ. ಅವರಿಗೆ ದಾರಿಯ ಬಗ್ಗೆ ನಿಮಗಿಂತ ಹೆಚ್ಚು ಗೊತ್ತು, ಅವರು ಬೇರೆ ಜಾಗ ಹೇಳಿದರೆ ಅದನ್ನೇ ಇಟ್ಟುಕೊಳ್ಳಿ.

ಕೂಗು ಮತ್ತು ಸೀಟಿ

ಮಲೆನಾಡಿನಲ್ಲಿ ತೋಟದ ಆ ತುದಿಯಿಂದ ಈ ತುದಿಗೆ ಕೂ ಹಾಕಿ ಕರೆಯುವುದು ಇವತ್ತಿಗೂ ಇದೆ. ಹೆಸರು ಹಿಡಿದು ಕೂಗುವುದಕ್ಕಿಂತ ಉದ್ದಕ್ಕೆ ಎಳೆದ ಒಂದು "ಕೂ" ಜಾಸ್ತಿ ದೂರ ಹೋಗುತ್ತದೆ. ಆದರೆ ಹತ್ತಿಪ್ಪತ್ತು ಸಲ ಕೂಗಿದರೆ ಗಂಟಲು ಕಟ್ಟುತ್ತದೆ. ಸೀಟಿಗೆ ಆ ಕಷ್ಟವಿಲ್ಲ. ಒಳಗೆ ಗುಂಡು ಇಲ್ಲದ ಪ್ಲಾಸ್ಟಿಕ್ ಸೀಟಿ ತೆಗೆದುಕೊಳ್ಳಿ, ಒದ್ದೆಯಾದರೂ ಊದುತ್ತದೆ. ಬ್ಯಾಗಿನ ಒಳಗೆ ಇಡಬೇಡಿ. ಜಾರಿ ಬಿದ್ದಾಗ ಬ್ಯಾಗ್ ಒಂದು ಕಡೆ, ನೀವು ಒಂದು ಕಡೆ ಆಗಬಹುದು. ಕೊರಳಿಗೆ ಅಥವಾ ಎದೆಯ ಪಟ್ಟಿಗೆ ಕಟ್ಟಿಕೊಳ್ಳಿ.

ಸಂಕೇತ ಸರಳವಾಗಿರಲಿ. ಒಂದು ಸಲ ಊದಿದರೆ "ಎಲ್ಲಿದ್ದೀಯ?" ಎರಡು ಸಲ ಊದಿದರೆ "ಇಲ್ಲಿದ್ದೇನೆ, ಬಾ." ಮೂರು ಸಲ ಊದಿದರೆ "ಅಪಾಯ." ಯುರೋಪಿನ ಆಲ್ಪ್ಸ್ ಬೆಟ್ಟಗಳಲ್ಲಿ ಅಪಾಯಕ್ಕೆ ನಿಮಿಷಕ್ಕೆ ಆರು ಸಲ, ಉತ್ತರಕ್ಕೆ ನಿಮಿಷಕ್ಕೆ ಮೂರು ಸಲ ಅನ್ನುವ ಪದ್ಧತಿಯಿದೆ. ಎರಡನ್ನೂ ಬೆರೆಸಿದರೆ ಗೊಂದಲ, ಒಂದನ್ನೇ ಹಿಡಿಯಿರಿ.

ಊದಿದ ಮೇಲೆ ಒಂದು ಪೂರ್ತಿ ನಿಮಿಷ ಸುಮ್ಮನೆ ನಿಂತು ಕೇಳಬೇಕು. ನಡೆಯುತ್ತಾ ಊದಿದರೆ ಕಾಲಡಿಯ ತರಗೆಲೆ ಸದ್ದಿನಲ್ಲಿ ಉತ್ತರ ಕೇಳಿಸುವುದಿಲ್ಲ. ಹಳ್ಳದ ಪಕ್ಕ ನಿಂತು ಊದುವುದೂ ವ್ಯರ್ಥ, ನೀರಿನ ಸದ್ದು ಎಲ್ಲವನ್ನೂ ನುಂಗುತ್ತದೆ. ಕಣಿವೆಯಲ್ಲಿ ಪ್ರತಿಧ್ವನಿ ದಿಕ್ಕು ತಪ್ಪಿಸುತ್ತದೆ, ಹಾಗಾಗಿ ಒಂದೇ ಸಲ ಕೇಳಿ ಆ ದಿಕ್ಕಿಗೆ ನುಗ್ಗಬೇಡಿ. ಆನೆ ಓಡಾಡುವ ಜಾಗದಲ್ಲಿ ಗೈಡ್ ಸುಮ್ಮನಿರಿ ಅಂದರೆ ಸೀಟಿಯೂ ಬೇಡ, ಕೂಗೂ ಬೇಡ.

ವಾಕಿಟಾಕಿ ಕೊಳ್ಳುವ ಮುಂಚೆ

ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಸಾಮಾನ್ಯರು ಬಳಸಬಹುದಾದ ವಾಕಿಟಾಕಿಗೆ ರೇಡಿಯೋ ತರಂಗಗಳಲ್ಲಿ ಒಂದು ಸಣ್ಣ ಜಾಗ ಬಿಟ್ಟುಕೊಟ್ಟಿದ್ದಾರೆ. 446.0ರಿಂದ 446.2 ಮೆಗಾಹರ್ಟ್ಸ್, ಅದೂ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಮಾತ್ರ. ಆ ಸೆಟ್‌ಗೂ ಸರ್ಕಾರದ ಇಟಿಎ (ಸಾಧನದ ಮಾದರಿಗೆ ಕೊಡುವ ಒಪ್ಪಿಗೆ) ಅನುಮೋದನೆ ಇರಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 5 ವ್ಯಾಟ್‌ನ ಚೀನಾ ಸೆಟ್‌ಗಳು ಈ ವಿನಾಯಿತಿಗೆ ಬರುವುದಿಲ್ಲ. ಇಂಥವು ಎಗ್ಗಿಲ್ಲದೆ ಮಾರಾಟವಾಗುತ್ತಿದ್ದುದರಿಂದ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟು, ಹೊಸ ಮಾರ್ಗಸೂಚಿ ಹೊರಡಿಸಿತು. ಕೊಳ್ಳುವಾಗ ಎಷ್ಟು ಮೆಗಾಹರ್ಟ್ಸ್, ಇಟಿಎ ಇದೆಯಾ ಅಂತ ಎರಡನ್ನೂ ಕೇಳಿ. ಉತ್ತರ ಸರಿಯಾಗಿ ಬರದಿದ್ದರೆ ಬಿಟ್ಟುಬಿಡಿ. ಅರಣ್ಯ ಇಲಾಖೆಯ ಗೇಟಿನಲ್ಲಿ ಸೆಟ್ ತೋರಿಸಿ, ಒಯ್ಯಬಹುದೇ ಅಂತ ಕೇಳಿಯೇ ಒಳಗೆ ಹೋಗಿ.

ಡಬ್ಬಿಯ ಮೇಲೆ ಬರೆದ ಕಿಲೋಮೀಟರ್ ಲೆಕ್ಕ ನಂಬಬೇಡಿ. ಅದು ನಡುವೆ ಏನೂ ಅಡ್ಡ ಇಲ್ಲದಾಗಿನ ಲೆಕ್ಕ. ಈ ತರಂಗಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ನಡುವೆ ಗುಡ್ಡದ ಏಣು ಬಂದರೆ ಮಾತು ನಿಲ್ಲುತ್ತದೆ. ಒದ್ದೆ ಎಲೆಗಳು ಅವನ್ನು ಹೀರಿಕೊಳ್ಳುತ್ತವೆ. ಹಾಗಾಗಿ ಮಳೆಗಾಲದ ಶೋಲಾ ಕಾಡಿನೊಳಗೆ (ಬೆಟ್ಟದ ಮಡಿಲಿನ ದಟ್ಟ ಕಾಡು) ಕೆಲವು ನೂರು ಮೀಟರ್ ಕೇಳಿಸಿದರೂ ಸಂತೋಷಪಡಿ. ಅದೇ ಸೆಟ್ ಬೋಳು ಹುಲ್ಲುಗಾವಲಿನಲ್ಲಿ, ಒಬ್ಬರಿಗೊಬ್ಬರು ಕಾಣುವಂತಿದ್ದರೆ, ಕಿಲೋಮೀಟರುಗಟ್ಟಲೆ ಮಾತಾಡುತ್ತದೆ. ಕೇಳಿಸದಿದ್ದಾಗ ಹತ್ತು ಹೆಜ್ಜೆ ಮೇಲಕ್ಕೆ ಹತ್ತಿ ನೋಡಿ. ಆಂಟೆನಾ ನೆಟ್ಟಗಿರಲಿ, ಸೆಟ್ ಸೊಂಟದಲ್ಲಿರದೆ ಮುಖದ ಮುಂದೆ ಇರಲಿ. ನಿಮ್ಮ ಮೈಯೇ ತರಂಗಕ್ಕೆ ಅಡ್ಡಗೋಡೆ.

ಹೊರಡುವ ಮುಂಚೆ ಇಬ್ಬರ ಚಾನೆಲ್ ಮತ್ತು ಕೋಡ್ ಒಂದೇ ಇದೆಯಾ ನೋಡಿ. ಚಾನೆಲ್ ಒಂದೇ ಇದ್ದು ಕೋಡ್ ಬೇರೆಯಾದರೆ ಸೆಟ್ ಮೂಕವಾಗಿರುತ್ತದೆ, ಹಾಳಾಗಿದೆ ಅಂದುಕೊಳ್ಳುತ್ತೀರಿ. ಕೋಡ್ ಹಾಕಿದ ಮಾತ್ರಕ್ಕೆ ಮಾತು ಗುಟ್ಟಾಗಿ ಉಳಿಯುವುದೂ ಇಲ್ಲ, ಅದೇ ಚಾನೆಲ್‌ನಲ್ಲಿರುವ ಬೇರೆಯವರು ಕೇಳಬಹುದು.

ಗುಂಡಿ ಒತ್ತಿ, ಒಂದು ಕ್ಷಣ ಬಿಟ್ಟು ಮಾತಾಡಿ. ಒತ್ತಿದ ಕೂಡಲೇ ಶುರುಮಾಡಿದರೆ ಮೊದಲ ಪದ ಕತ್ತರಿಸಿಹೋಗುತ್ತದೆ. ಯಾರನ್ನು ಕರೆಯುತ್ತಿದ್ದೀರಿ, ಎಲ್ಲಿದ್ದೀರಿ, ಏನು ಮಾಡುತ್ತೀರಿ, ಅಷ್ಟೇ ಹೇಳಿ:

"ಭಾವ, ಭಾವ, ಕೇಳಿಸ್ತಿದೆಯಾ? ನಾನು ಒಂಟಿಮರದ ಹತ್ರ ಇದ್ದೀನಿ. ನೀವು ಬರೋವರೆಗೂ ಇಲ್ಲೇ ಕೂತಿರ್ತೀನಿ. ಓವರ್."

"ಕೇಳಿಸ್ತು. ನೀನು ಒಂಟಿಮರದಲ್ಲಿ ಕೂತಿರ್ತೀಯ. ನಾನು ಎರಡನೇ ಹಳ್ಳ ದಾಟ್ತಿದ್ದೀನಿ. ಓವರ್."

ಭಾವ ಇಲ್ಲಿ ಭಾಮೈದನ ಮಾತನ್ನು ತಿರುಗಿ ಹೇಳಿದ್ದನ್ನು ಗಮನಿಸಿ. ತಪ್ಪು ಕೇಳಿಸಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ದಿನವಿಡೀ ಸೆಟ್ ಆನ್ ಇಡುವ ಅಗತ್ಯವಿಲ್ಲ. ಹತ್ತಿರ ಹತ್ತಿರ ನಡೆಯುವಾಗ ಆಫ್ ಮಾಡಿ. ಬೇರೆಯಾಗುವುದೇ ಆದರೆ ಪ್ರತಿ ಗಂಟೆಯ ಸರಿಗೆ ಐದು ನಿಮಿಷ ಆನ್ ಅಂತ ಮಾತಾಡಿಕೊಳ್ಳಿ.

ಮಾತು ಇನ್ನೂ ದೂರ ಹೋಗಬೇಕೆಂದರೆ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇದೆ. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಜೊತೆಗಾರರಿಬ್ಬರಿಗೂ ಲೈಸೆನ್ಸ್ ಬೇಕು, ಒಬ್ಬರದು ಇದ್ದರೆ ಸಾಲದು. ಇತ್ತೀಚೆಗೆ ಲೋರಾ ಎಂಬ ತಂತ್ರಜ್ಞಾನದ ಪುಟ್ಟ ಸಾಧನಗಳೂ ಬಂದಿವೆ. ಬ್ಲೂಟೂತ್ ಮೂಲಕ ಫೋನಿಗೆ ಸೇರಿಸಿದರೆ ಟವರ್ ಇಲ್ಲದೆಯೇ ಚಿಕ್ಕ ಸಂದೇಶ ಹೋಗುತ್ತದೆ. ಭಾರತದಲ್ಲಿ ಇವಕ್ಕೆ 865–868 ಮೆಗಾಹರ್ಟ್ಸ್ ಜಾಗವಿದೆ. ಹೊರಗಿನಿಂದ ತರಿಸಿದ ಬೇರೆ ತರಂಗದ ಸಾಧನ ಬಳಸಬೇಡಿ.

ಉಪಗ್ರಹ ಸಾಧನ ತರಬೇಡಿ

ಈ ಮಾತು ವಿಶೇಷವಾಗಿ ಅಮೆರಿಕದಿಂದ ರಜೆಗೆ ಬರುವ ನಮ್ಮವರಿಗೆ. ಅಲ್ಲಿ ಬೇಟೆಗೆ, ಚಾರಣಕ್ಕೆ ಹೋಗುವವರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್‌ನಂಥ ಸಾಧನ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು ತೀರಾ ಸಾಮಾನ್ಯ. ಇಲ್ಲಿ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ತುರಾಯಾ, ಇರಿಡಿಯಂ ಉಪಗ್ರಹ ಫೋನುಗಳಿಗೂ ಇಲ್ಲಿ ನಿಷೇಧವಿದೆ. ಇಂಥ ಸಾಧನ ಬ್ಯಾಗಿನಲ್ಲಿ ಸಿಕ್ಕಿ ವಿಮಾನ ನಿಲ್ದಾಣದಲ್ಲೇ ಬಂಧನಕ್ಕೆ ಒಳಗಾದ ವಿದೇಶಿ ಪ್ರವಾಸಿಗಳಿದ್ದಾರೆ. ಮನೆಯಲ್ಲೇ ಬಿಟ್ಟು ಬನ್ನಿ.

ಆದರೂ ಸಿಗದಿದ್ದರೆ

ಒಪ್ಪಂದದ ಸಮಯ ಮೀರಿತು, ಸೀಟಿಗೆ ಉತ್ತರವಿಲ್ಲ, ಗುರುತಿನ ಜಾಗಕ್ಕೆ ಯಾರೂ ಬಂದಿಲ್ಲ. ಆಗ ಸಂಜೆಯವರೆಗೆ ಕಾಯಬೇಡಿ. ಬೆಳಕಿರುವಾಗಲೇ ಗೈಡ್‌ಗೆ, ಅರಣ್ಯ ಸಿಬ್ಬಂದಿಗೆ ತಿಳಿಸಿ. 112ಕ್ಕೆ ಕರೆ ಮಾಡಿ ನೋಡಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಅಲ್ಲಿ ಬೇರೆ ಕಂಪನಿಯ ಟವರ್ ಸಿಕ್ಕರೆ ತುರ್ತು ಕರೆ ಅದರ ಮೂಲಕ ಹೋಗಬಲ್ಲದು. ಕೊನೆಗೆ ನೋಡಿದ ಜಾಗ ಮತ್ತು ಹೊತ್ತು, ಅಂಗಿಯ ಬಣ್ಣ, ಕಾಣೆಯಾದವರ ಹತ್ತಿರ ಎಷ್ಟು ನೀರಿದೆ, ಸಕ್ಕರೆ ಕಾಯಿಲೆ, ಆಸ್ತಮಾ ಏನಾದರೂ ಇದೆಯಾ, ಇಷ್ಟನ್ನು ಹೇಳಿ.

ದಾರಿ ತಪ್ಪಿದವರು ನೀವೇ ಆಗಿದ್ದರೆ, "ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತೆ" ಅನ್ನುವ ಮಾತನ್ನು ನಂಬಿ ಇಳಿಯಬೇಡಿ. ಘಟ್ಟದಲ್ಲಿ ಹಳ್ಳಗಳು ಜಲಪಾತವಾಗಿ ಧುಮುಕುತ್ತವೆ. ಪಾಚಿ ಕಟ್ಟಿದ ಬಂಡೆಯಲ್ಲಿ ಕಾಲು ಜಾರಿದರೆ ಮೇಲೆ ಬರುವ ದಾರಿಯೂ ಇರುವುದಿಲ್ಲ. ತೆರೆದ ಜಾಗದ ಅಂಚಿನಲ್ಲಿ, ಕಾಣುವ ಹಾಗೆ ಕೂತುಕೊಳ್ಳಿ. ಬಣ್ಣದ ಮಳೆಕೋಟನ್ನು ಬಂಡೆಯ ಮೇಲೆ ಹರಡಿ. ಕತ್ತಲಾದರೆ ಸೀಟಿಯ ಲೆಕ್ಕದಲ್ಲೇ ಟಾರ್ಚ್ ಮಿಣುಕಿಸಿ. ಉಂಬಳ (ಜಿಗಣೆ) ಹತ್ತಿದರೆ ಹತ್ತಲಿ, ಅದಕ್ಕೆ ಹೆದರಿ ಕತ್ತಲಲ್ಲಿ ಜಾಗ ಬದಲಿಸಬೇಡಿ.

ಸಿಕ್ಕ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಯಾರ್ಯಾರಿಗೆ ಹೇಳಿದ್ದಿರೋ ಅವರೆಲ್ಲರಿಗೂ "ಸಿಕ್ಕರು, ಹುಡುಕುವುದು ನಿಲ್ಲಿಸಿ" ಅಂತ ತಿಳಿಸಿ. ಗೈಡ್, ಗೇಟಿನ ಸಿಬ್ಬಂದಿ, 112, ಹಾಳೆ ಹಿಡಿದು ಕೂತಿರುವ ಮನೆಯವರು, ಎಲ್ಲರಿಗೂ. ನೀವು ಹೋಂಸ್ಟೇಯಲ್ಲಿ ಊಟಕ್ಕೆ ಕೂತಿರುವಾಗ ಊರಿನ ಹುಡುಗರು ಟಾರ್ಚ್ ಹಿಡಿದು ಮಳೆಯಲ್ಲಿ ನಿಮ್ಮನ್ನೇ ಹುಡುಕುತ್ತಿರಬಾರದು.