ಪಪ್ಪಾಯಿ ಸಿಪ್ಪೆ ತರಚದಂತೆ ಪ್ಯಾಕ್ ಮಾಡುವುದು ಹೇಗೆ?

ಮಂಡ್ಯ ಸೀಮೆಯಲ್ಲಿ ಕಬ್ಬು, ಭತ್ತದ ನಡುವೆ ರೆಡ್ ಲೇಡಿ ಪಪ್ಪಾಯಿ ಹಾಕಿದ ಹಲವರಿಗೆ ಈ ದೂರು ಪರಿಚಿತ: ತೋಟದಲ್ಲಿ ನುಣ್ಣಗಿದ್ದ ಕಾಯಿ ಅಂಗಡಿಯಲ್ಲಿ ಮಾಗುವಾಗ ಹಸಿರು ತೇಪೆ ಹಚ್ಚಿಕೊಳ್ಳುತ್ತದೆ. ಸುತ್ತಲೂ ಹಳದಿಯಾದರೂ ಅಷ್ಟು ಜಾಗ ಹಸಿರಾಗಿಯೇ ಉಳಿದು ಒಳಕ್ಕೆ ಕುಸಿಯುತ್ತದೆ. ರೋಗವೆಂದುಕೊಂಡು ಔಷಧ ಹೊಡೆಯುವ ಮೊದಲು ಪ್ಯಾಕಿಂಗ್ ಶೆಡ್ಡನ್ನು ನೋಡಿ. ಸಿಪ್ಪೆ ತರಚಿದರೂ ಹೀಗೇ ಆಗುತ್ತದೆ. ಹವಾಯಿಯಲ್ಲಿ ಸೋಲೊ ತಳಿಯನ್ನು ಪರೀಕ್ಷಿಸಿದಾಗ, ಬಿದ್ದ ಪೆಟ್ಟಿಗಿಂತ ಉಜ್ಜಿದ ಗಾಯವೇ ದೊಡ್ಡ ತೊಂದರೆಯೆಂದು ಕಂಡುಬಂದಿತ್ತು.

ಕೆಲಸ ಕೊಯ್ಲಿನಿಂದಲೇ ಶುರು. ತುದಿಯಲ್ಲಿ ಹಳದಿ ಗೆರೆ ಮೂಡಿದ ಕಾಯಿಯನ್ನು ಕೊಯ್ದು, ತೊಟ್ಟನ್ನು ಗಿಡ್ಡವಾಗಿ ಕತ್ತರಿಸಿ. ಉದ್ದ ತೊಟ್ಟು ಪಕ್ಕದ ಕಾಯಿಯನ್ನು ಗೀರುತ್ತದೆ. ಹಾಲು ಮೈಮೇಲೆ ಇಳಿಯದಂತೆ ತೊಟ್ಟು ಕೆಳಗಾಗಿ, ಕಾಗದ ಹಾಸಿದ ಕ್ರೇಟಿನಲ್ಲಿ ಒಂದೇ ಪದರವಾಗಿ ಇಡಿ. ಕಬ್ಬು ತುಂಬಿ ಪಳಗಿದ ಕೈಗಳಿಗೆ ಈ ನಿಧಾನ ಸುಲಭವಾಗಿ ಬರುವುದಿಲ್ಲ, ಮೊದಲ ದಿನ ಪಕ್ಕದಲ್ಲೇ ನಿಂತು ಹೇಳಿಕೊಡಬೇಕಾಗುತ್ತದೆ.

ಇನ್ನು ಶೆಡ್ಡಿನಲ್ಲಿ ಕಾಯಿ ಸಾಗಿಸುವ ಬೆಲ್ಟಿನ ಯಂತ್ರ. ಕಾಯಿ ಬೀಳುವ ಜಾಗ ಎಲ್ಲರ ಕಣ್ಣಿಗೂ ಬೀಳುತ್ತದೆ, ಉಜ್ಜುವ ಜಾಗ ಬೀಳುವುದಿಲ್ಲ. ಬೆಲ್ಟಿನ ಕೊನೆಯಲ್ಲಿ ಕಾಯಿಗಳು ಸಾಲುಗಟ್ಟಿ ನಿಂತಿವೆ, ಬೆಲ್ಟ್ ಮಾತ್ರ ಅವುಗಳ ಅಡಿಯಲ್ಲಿ ಓಡುತ್ತಲೇ ಇದೆ ಎಂದರೆ ಅಲ್ಲಿ ಸಿಪ್ಪೆ ಸವೆಯುತ್ತಿದೆ ಎಂದೇ ಅರ್ಥ. ಕಾಯಿ ಎತ್ತುವವರ ವೇಗಕ್ಕೆ ಬೆಲ್ಟಿನ ವೇಗವನ್ನು ಇಳಿಸಿ, ಇಲ್ಲವೇ ಸಾಲು ಬೆಳೆದಾಗ ನಿಲ್ಲಿಸಿ. ಸ್ವಿಚ್ ಕೈಗೆಟುಕುವಂತೆ ಇರಲಿ. ಎರಡನೆಯ ಅಪರಾಧಿ ಮಣ್ಣು. ಬೆಲ್ಟಿನ ಅಂಚಿನ ತಡೆಗೆ ಎಷ್ಟೇ ಮೆತ್ತನೆಯ ಸ್ಪಂಜು ಅಂಟಿಸಿದರೂ ಮರಳು ಕೂತರೆ ಅದು ಉಪ್ಪುಕಾಗದವೇ. ಒರೆಸಿ ತೊಳೆಯಬಹುದಾದ ನಯವಾದ ಹೊದಿಕೆ ಹಾಕಿ, ದಿನದ ಕೆಲಸ ಮುಗಿದ ಮೇಲೆ ತೊಳೆಯಿರಿ. ತೊಳೆಯುವ ತೊಟ್ಟಿಯ ನೀರನ್ನೂ ಕೆಸರಾಗುವ ಮೊದಲೇ ಬದಲಿಸಿ. ಒಣ ಬ್ರಷ್ ಬೇಡವೇ ಬೇಡ.

ಬೀಳುವಿಕೆಯನ್ನೂ ಕಡೆಗಣಿಸುವಂತಿಲ್ಲ. 20 ಸೆಂಟಿಮೀಟರ್ ಎತ್ತರದಿಂದ ಬಿದ್ದ ಕಾಯಿ ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಎತ್ತರ ಅರ್ಧವಾದರೆ ಪೆಟ್ಟಿನ ಶಕ್ತಿಯೂ ಅರ್ಧವಾಗುತ್ತದೆ. ಒಂದು ಬೆಲ್ಟಿನಿಂದ ಇನ್ನೊಂದಕ್ಕೆ ಇಳಿಯುವಲ್ಲಿ ಇಳಿಜಾರು ಹಲಗೆ ಇಟ್ಟು, ಮೇಲಿಂದ ರಬ್ಬರಿನ ಪರದೆ ಇಳಿಬಿಟ್ಟರೆ ಸಾಕು.

ನಿಮ್ಮ ಯಂತ್ರದಲ್ಲಿ ದೋಷವಿದೆಯೇ ಎಂದು ತಿಳಿಯಲು ಒಂದೇ ತೋಟದ, ಒಂದೇ ಬಲಿತದ ಹತ್ತು ಕಾಯಿಗಳನ್ನು ಯಂತ್ರದ ಮೇಲೆ ಹಾಯಿಸಿ, ಇನ್ನು ಹತ್ತನ್ನು ಕೈಯಲ್ಲೇ ಸಾಗಿಸಿ. ಎರಡನ್ನೂ ನೆರಳಿನಲ್ಲಿ ಮಾಗಲು ಬಿಡಿ. ಅದೇ ದಿನ ನೋಡಿ ತೀರ್ಮಾನಿಸಬೇಡಿ, ತರಚು ಬಯಲಾಗುವುದು ಬಣ್ಣ ತಿರುಗಿದ ಮೇಲೆ. ಯಂತ್ರದ ಗುಂಪಿನಲ್ಲಿ ಮಾತ್ರ ತೇಪೆ ಕಂಡರೆ, ಮುಂದಿನ ಸಲ ಒಂದೊಂದು ಹಂತದ ಬಳಿಕ ಕೆಲವನ್ನು ಹೊರತೆಗೆದು ಹೋಲಿಸಿ. ತಪ್ಪಿರುವ ಜಾಗ ಸಿಕ್ಕೇ ಸಿಗುತ್ತದೆ.

ಪೆಟ್ಟಿಗೆಯಲ್ಲಿ ಪ್ರತಿ ಕಾಯಿಗೂ ಫೋಮ್ ಬಲೆ ಅಥವಾ ಕಾಗದ ಸುತ್ತಿ. ಸಡಿಲವಾಗಿ ತುಂಬಿದರೆ ಕಾಯಿ ದಾರಿಯುದ್ದಕ್ಕೂ ತಿರುಗುತ್ತ ಉಜ್ಜಿಕೊಳ್ಳುತ್ತದೆ; ಅಂಚು ಮೀರಿ ತುಂಬಿದರೆ ಮೇಲಿನ ಪೆಟ್ಟಿಗೆಯ ಭಾರವೆಲ್ಲ ಹಣ್ಣಿನ ಮೇಲೆಯೇ. ಲಾರಿಯ ಹಿಂಬದಿ ಹೆಚ್ಚು ಕುಲುಕುವುದರಿಂದ ಬಣ್ಣ ತಿರುಗಿದವನ್ನು ಮುಂದಕ್ಕೆ ಇಡಿ. ಸರಕು ಗುಂಡ್ಲುಪೇಟೆ ದಾಟಿ ಕೇರಳಕ್ಕೆ ಹೋಗುವುದಾದರೆ, ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸರಕು ವಾಹನಗಳಿಗೆ ಪ್ರವೇಶವಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಲೋಡಿಂಗ್ ಹೊತ್ತು ಗೊತ್ತುಮಾಡಿ.