ಹೊಸಬರಿಗೆ ಮಾರ್ಗದರ್ಶಿ: ಕಾರಿನ ಮುಂದಿನ ಗಾಜಿಗೆ ಕಲ್ಲು ಬಿದ್ದರೆ

ಗ್ಯಾಸ್, ಬಾಡಿಗೆ ಮನೆ, ಮಕ್ಕಳ ಶಾಲೆ ಎಲ್ಲ ಹಿಂದಿನ ಭಾಗಗಳಲ್ಲಿ ಬಂದಿವೆ. ಇದು ಕಾರಿನ ಗಾಜಿನ ಭಾಗ. "ಇದಕ್ಕೂ ಒಂದು ಅಧ್ಯಾಯ ಬೇಕಾ?" ಎಂದು ನಮ್ಮ ಸಂಘದ ಕಮಿಟಿಯಲ್ಲಿ ಇಬ್ಬರು ನಕ್ಕಿದ್ದರು. ಹೋದ ನವೆಂಬರಿನಲ್ಲಿ ಅವರಲ್ಲೊಬ್ಬರ ಗಾಜಿಗೇ ಕಲ್ಲು ಬಿತ್ತು. ಈಗ ನಗುವುದಿಲ್ಲ.

ನಾನು ದಾವಣಗೆರೆ ಕಡೆಯವನು. 2012ರಲ್ಲಿ ಟ್ರಾನ್ಸ್‌ಫರ್ ಆಗಿ ಮಡಿಕೇರಿಗೆ ಬಂದೆ. ಅಲ್ಲಿಯವರೆಗೆ ಕಾರಿನ ಗಾಜಿನ ಬಗ್ಗೆ ಯೋಚಿಸಿದ್ದು ಆಯುಧಪೂಜೆಗೆ ತೊಳೆಯುವಾಗ ಮಾತ್ರ. ನೀವೂ ಹಾಗೇ ಬಂದಿರುತ್ತೀರಿ, ಅಲ್ವಾ?

ಕಲ್ಲು ಬರುವುದು ಎಲ್ಲಿಂದ

ಮಳೆಗಾಲ ಇಲ್ಲಿನ ರಸ್ತೆಯನ್ನು ತಿಂದು ಹಾಕುತ್ತದೆ. ಮಳೆ ನಿಂತ ಮೇಲೆ ಗುಂಡಿಗೆ ಜಲ್ಲಿ ಹಾಕಿ ತೇಪೆ ಹಚ್ಚುತ್ತಾರೆ. ಜಲ್ಲಿ ಕೂರುವ ಮೊದಲೇ ವಾಹನ ಓಡುತ್ತವೆ. ಹಾಗಾಗಿ ಅಕ್ಟೋಬರಿನಿಂದ ಜನವರಿಯವರೆಗೆ ಗಾಜಿಗೆ ಕಷ್ಟಕಾಲ. ಲಾರಿ, ಟಿಪ್ಪರಿನ ಹಿಂದೆ ಜೋಡಿ ಟಯರು ಇರುತ್ತದೆ. ಎರಡರ ನಡುವೆ ಸಿಕ್ಕಿಕೊಂಡ ಕಲ್ಲು ಹಾರಿದರೆ ನೇರ ನಿಮ್ಮ ಮುಖಕ್ಕೆ. ಟಾರ್ಪಾಲ್ ಕಟ್ಟದ ಜಲ್ಲಿ ಲೋಡಾದರೆ ಮೇಲಿನಿಂದಲೂ ಉದುರುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ಮಡಿಕೇರಿ–ಸಂಪಾಜೆ ಕಡೆ ರಿಪೇರಿ ಕೆಲಸ ಬಹಳ ಕಾಲ ನಡೆಯಿತು. ಆ ದಿನಗಳಲ್ಲಿ ನಮ್ಮ ಸಂಘದವರಲ್ಲೇ ನಾಲ್ಕೈದು ಜನರ ಗಾಜು ಹೋಯಿತು. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿಯುವವರಿಗೂ ಇದೇ ಮಾತು.

ಟಿಪ್ಪರ್ ಕಂಡ ಕೂಡಲೇ ಅದರ ಬಾಲ ಹಿಡಿದು ಹಾರ್ನ್ ಹೊಡೆಯುವ ಅಭ್ಯಾಸವನ್ನು ದಯವಿಟ್ಟು ನಿಮ್ಮ ಊರಲ್ಲೇ ಬಿಟ್ಟು ಬನ್ನಿ. ತಿರುವಿನಲ್ಲಿ ಅವನಿಗೆ ದಾರಿ ಬಿಡಲು ಜಾಗ ಇಲ್ಲ. ಐದು ನಿಮಿಷ ಹಿಂದೆ ಉಳಿದರೆ ಏನೂ ಕೊಳ್ಳೆ ಹೋಗುವುದಿಲ್ಲ.

ಬಿದ್ದ ಕೂಡಲೇ

ನನ್ನ ಮೊದಲ ಕಲ್ಲು ಬಿದ್ದದ್ದು ಕುಶಾಲನಗರ–ಸುಂಟಿಕೊಪ್ಪ ನಡುವೆ, ಆನೆಕಾಡಿನಲ್ಲಿ. ಟಪ್ ಅಂತ ಸದ್ದು. ಗಾಬರಿಯಾಗಿ ಅಲ್ಲೇ ನಿಲ್ಲಿಸಿ, ಇಳಿದು, ಗಾಜಿಗೆ ಮೂಗು ತಾಗಿಸಿ ನೋಡುತ್ತಾ ನಿಂತೆ. ಹಿಂದಿನಿಂದ ಬಂದ ಜೀಪಿನವರು ಬ್ರೇಕ್ ಹಾಕಿದರು. "ಎಂಥ ಮಾಡ್ತಾ ಇದ್ದೀರಿ ಸಾರ್ ಇಲ್ಲಿ? ಆನೆ ದಾಟುವ ಜಾಗ ಇದು. ಹತ್ತಿ, ಹತ್ತಿ!" ಹೆಸರೇ ಆನೆಕಾಡು. ಓದಲು ಬರುವವನಿಗೆ ಇನ್ನೊಬ್ಬರು ಹೇಳಬೇಕಾಯಿತು. ತಿತಿಮತಿ ಕಾಡಿನ ದಾರಿಯಲ್ಲೂ ಹೀಗೇ. ಗಾಜು ಮುಂದೆ ಎಲ್ಲಾದರೂ ನೋಡಬಹುದು. ಅಂಗಡಿ, ಮನೆ, ಜನ ಇರುವಲ್ಲಿ ನಿಲ್ಲಿಸಿ.

ನಿಲ್ಲಿಸಿದ ಮೇಲೆ ಮಾಡಬೇಕಾದದ್ದು ಒಂದೇ: ಪೆಟ್ಟು ಬಿದ್ದ ಜಾಗ ಒಣಗಿದ್ದರೆ ಮೇಲೆ ಪಾರದರ್ಶಕ ಟೇಪು ಅಂಟಿಸಿ. ಮಕ್ಕಳ ಪುಸ್ತಕಕ್ಕೆ ಹಾಕುವ ಟೇಪೇ ಸಾಕು. ನೀರು, ಧೂಳು ಒಳಗೆ ಹೋಗಬಾರದು, ಅಷ್ಟೇ. ನೀರಿದ್ದ ಕಡೆ ಆಮೇಲೆ ರೆಸಿನ್ (ಗ್ಯಾರೇಜಿನಲ್ಲಿ ಬಿರುಕಿಗೆ ತುಂಬುವ ಅಂಟುದ್ರವ) ಸರಿಯಾಗಿ ಹಿಡಿಯುವುದಿಲ್ಲ. ಬೆರಳಿನಿಂದ ಉಜ್ಜಬೇಡಿ, ಪಿನ್ನಿನಿಂದ ಕೆದಕಬೇಡಿ. ಐದು ರೂಪಾಯಿಯ ಗಮ್ ಅಂತೂ ಬೇಡವೇ ಬೇಡ. ಅದು ಬಾಯಿ ಮುಚ್ಚಿ ಕೂತರೆ ನಿಜವಾದ ರೆಸಿನ್‌ಗೆ ದಾರಿಯೇ ಇರುವುದಿಲ್ಲ.

ನಾನು ಟೇಪೂ ಹಾಕಲಿಲ್ಲ, ಗ್ಯಾರೇಜಿಗೂ ಹೋಗಲಿಲ್ಲ. ಕಡಲೆಬೇಳೆಯಷ್ಟಿತ್ತು. "ಇಷ್ಟಕ್ಕೆಲ್ಲ ಯಾರು ಹೋಗ್ತಾರೆ" ಎಂದು ಸುಮ್ನೆ ಬಿಟ್ಟೆ. ಡಿಸೆಂಬರಿನ ಒಂದು ಬೆಳಗ್ಗೆ, ಆರೂವರೆ ಗಂಟೆ. ಗಾಜಿನ ಮೇಲೆ ಇಬ್ಬನಿ ಬೆಳ್ಳಗೆ ಕೂತಿತ್ತು. ಆಫೀಸಿನ ಕೆಲಸಕ್ಕೆ ಮೈಸೂರಿಗೆ ಹೊರಡುವ ಅವಸರ. ಸ್ನಾನಕ್ಕೆ ಕಾಯಿಸಿದ್ದ ಹಂಡೆಯಿಂದ ಒಂದು ಚೊಂಬು ಬಿಸಿನೀರು ತಂದು ಸುರಿದೆ. ಟಿಕ್ ಎಂದಿತು. ಕಡಲೆಬೇಳೆಯಿಂದ ಒಂದು ಗೆರೆ ಹೊರಟು, ನೋಡುತ್ತಿದ್ದಂತೆ ಸ್ಟಿಯರಿಂಗ್ ಮುಂದೆ ಹಾದು, ಅಂಚು ಮುಟ್ಟಿ ನಿಂತಿತು. ಚೊಂಬು ಕೈಯಲ್ಲೇ ಇತ್ತು.

ಆದ್ದರಿಂದ ಈ ಪಟ್ಟಿಯನ್ನು ಎರಡು ಸಲ ಓದಿ. ಚಿಪ್ ಆದ, ಅಂದರೆ ಕಲ್ಲು ತಾಗಿ ಚಕ್ಕೆ ಹಾರಿದ ಗಾಜಿಗೆ ಬಿಸಿನೀರು ಬೇಡ. ಚಳಿಗೆ ಹೀಟರನ್ನು ಒಮ್ಮೆಲೇ ಜೋರಾಗಿ ಗಾಜಿಗೆ ತಿರುಗಿಸಬೇಡಿ. ಬಿಸಿಲಲ್ಲಿ ನಿಂತ ಕಾರಿನ ಗಾಜಿಗೆ ಎಸಿಯನ್ನೂ ಹಾಗೆ ಬಿಡಬೇಡಿ. ಪ್ರೆಷರ್ ವಾಶ್ ಬೇಡ. ಎಲ್ಲ ಕಿಟಕಿ ಮುಚ್ಚಿ ಬಾಗಿಲು ಧಡಾರನೆ ಹಾಕಬೇಡಿ, ಒಳಗಿನ ಗಾಳಿಯ ಒತ್ತಡ ಗಾಜಿನ ಮೇಲೂ ಬೀಳುತ್ತದೆ. ನಮ್ಮವರಿಗೆ ಬಾಗಿಲು ಮೆಲ್ಲಗೆ ಹಾಕಿ ಗೊತ್ತೇ ಇಲ್ಲ, ಅದು ಬೇರೆ ವಿಷಯ.

ದೇವರ ಸ್ಟಿಕ್ಕರ್ ಅಂಟಿಸಿ ಬಿರುಕು ಮುಚ್ಚುವವರಿಗೆ: ದೇವರು ಕಾಯುತ್ತಾನೆ, ಗಾಜನ್ನು ಕೂಡಿಸುವುದಿಲ್ಲ.

ಒಳಗೆ ಏನಾಗಿರುತ್ತದೆ

ಮುಂದಿನ ಗಾಜು ಎರಡು ಪದರದ್ದು. ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ. ಕಲ್ಲು ಸಾಮಾನ್ಯವಾಗಿ ಹೊರ ಪದರವನ್ನಷ್ಟೇ ಒಡೆಯುತ್ತದೆ. ಅದಕ್ಕೇ ರಿಪೇರಿ ಸಾಧ್ಯ. ಪಕ್ಕದ ಗಾಜು ಬೇರೆ ಜಾತಿ, ಒಡೆದರೆ ಪುಡಿಪುಡಿ. ಅದಕ್ಕೆ ರಿಪೇರಿ ಇಲ್ಲ.

ರಿಪೇರಿಯೋ, ಬದಲಾವಣೆಯೋ

– ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋದರೆ: ರಿಪೇರಿ.
– ಒಳಗಿನಿಂದ ಉಗುರು ಆಡಿಸಿದರೆ ತಡೆಯುತ್ತಿದೆ: ಒಳ ಪದರಕ್ಕೂ ಪೆಟ್ಟಾಗಿದೆ, ಬದಲಾಯಿಸಿ.
– ಗಾಜಿನ ಅಂಚಿನ ಹತ್ತಿರ: ಬದಲಾಯಿಸಿ.
– ಡ್ರೈವರ್ ಕಣ್ಣಿನ ನೇರಕ್ಕೆ: ರಿಪೇರಿ ಆದರೂ ಕಲೆ ಉಳಿಯುತ್ತದೆ, ರಾತ್ರಿ ಎದುರಿನ ಲೈಟಿಗೆ ಹೊಳೆಯುತ್ತದೆ. ಬದಲಾಯಿಸಿ.
– ಗೇಣುದ್ದ ಬಿರುಕು: ಕೇಳಲೇಬೇಡಿ.

ಗ್ಯಾರೇಜಿನಲ್ಲಿ

ಎಲ್ಲ ಗ್ಯಾರೇಜಿನವರೂ ಈ ಕೆಲಸ ಮಾಡುವುದಿಲ್ಲ. ಫೋನಿನಲ್ಲಿ "ಚಿಪ್‌ಗೆ ರೆಸಿನ್ ಹಾಕ್ತೀರಾ?" ಎಂದು ಕೇಳಿಯೇ ಹೋಗಿ. ಹತ್ತಿರದಲ್ಲಿ ಸಿಗದಿದ್ದರೆ ಮೈಸೂರು. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಟೇಪು ಹಾಕಿಕೊಂಡು ನಿಧಾನ ಹೋಗಿ. ಕೆಲವು ಕಡೆ ನೋಡುವ ಮೊದಲೇ "ಚೇಂಜ್ ಮಾಡ್ಬೇಕು ಸಾರ್" ಎನ್ನುತ್ತಾರೆ. ನಾಣ್ಯ ಇಟ್ಟು ತೋರಿಸಿ, ಇನ್ನೊಂದು ಕಡೆ ಕೇಳಿ. ರಿಪೇರಿ ನೂರುಗಳ ಲೆಕ್ಕ, ಬದಲಾವಣೆ ಸಾವಿರಗಳ ಲೆಕ್ಕ.

ಇನ್ನೊಂದು ಮಾತು. ಗ್ಯಾರೇಜಿಗೆ ಹೋದ ಕೂಡಲೇ ಹಿಂದಿ, ಇಂಗ್ಲಿಷ್ ಶುರು ಮಾಡಬೇಡಿ. ಇಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ ಎಲ್ಲ ಕಿವಿಗೆ ಬೀಳುತ್ತವೆ. ಕನ್ನಡದಲ್ಲಿ ಮಾತಾಡಿಸಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. "ಇಲ್ಲಿ ಕನ್ನಡ ನಡೆಯುತ್ತಾ?" ಎಂದು ಕೇಳುವ ಹೊಸಬರನ್ನು ಕಂಡರೆ ನಮಗೆ ಬೇಸರ. ಸಾಹಿತ್ಯ ಸಮ್ಮೇಳನ 1932ರಲ್ಲೂ 2014ರಲ್ಲೂ ನಡೆದದ್ದು ಇದೇ ಮಡಿಕೇರಿಯಲ್ಲಿ ಸ್ವಾಮಿ.

ನನ್ನ ಎರಡನೇ ಕಲ್ಲು ಬಿದ್ದಾಗ ಕಾರಿನಲ್ಲಿ ಟೇಪಿರಲಿಲ್ಲ. ಹೆಂಡತಿ ಪರ್ಸಿನಿಂದ ಒಂದು ಸ್ಟಿಕ್ಕರ್ ಬೊಟ್ಟು ತೆಗೆದು ಅಂಟಿಸಿದಳು. ಗ್ಯಾರೇಜಿನ ಹುಡುಗ ಅದನ್ನು ನೋಡಿ ನಕ್ಕ. ಆದರೆ ಬೊಟ್ಟು ಕಿತ್ತ ಮೇಲೆ, "ಒಳ್ಳೇದಾಯ್ತಕ್ಕ, ಧೂಳೇ ಹೋಗಿಲ್ಲ" ಎಂದ. ಆ ಪರ್ಸಿನ ಬಗ್ಗೆ ಅಂದಿನಿಂದ ನಾನು ಮಾತಾಡುವುದಿಲ್ಲ.

ಅವನು ಕೆಲಸ ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ಕಾರನ್ನು ಮೊದಲು ನೆರಳಿಗೆ ತೆಗೆದ. ರೆಸಿನ್ ಗಟ್ಟಿಯಾಗುವುದು ಯುವಿ (ಅತಿನೇರಳೆ) ಬೆಳಕಿಗೆ, ಬಿಸಿಲಿದ್ದರೆ ಒಳಗೆ ಇಳಿಯುವ ಮೊದಲೇ ಗಟ್ಟಿಯಾಗುತ್ತದೆ. ಗಾಜಿನ ಒಳಗಡೆ ಒಂದು ಪುಟ್ಟ ಕನ್ನಡಿ ಅಂಟಿಸಿದ. ಹೊರಗೆ ರಬ್ಬರ್ ಬಟ್ಟಲಿನ ಸ್ಟ್ಯಾಂಡ್ ಕೂರಿಸಿ, ಸಿರಿಂಜಿನಂಥದ್ದರಿಂದ ಮೊದಲು ಗಾಳಿ ಎಳೆದ. ಆಮೇಲೆ ರೆಸಿನ್ ಒತ್ತಿದ. ನನ್ನದು ನಕ್ಷತ್ರದ ಚಿಪ್, ಐದು ಕಪ್ಪು ಕಾಲು. ರೆಸಿನ್ ಇಳಿದಂತೆ ಒಂದೊಂದೇ ಕಾಲು ಮಾಯವಾಯಿತು. ಕೊನೆಯದು ಮಾತ್ರ ಹಟ ಹಿಡಿಯಿತು. ಹುಡುಗ ಮತ್ತೆ ಗಾಳಿ ಎಳೆದ, ಮತ್ತೆ ಒತ್ತಿದ, ಅದೂ ಹೋಯಿತು. ಯುವಿ ಲ್ಯಾಂಪ್ ಇಟ್ಟು, ಬ್ಲೇಡಿನಿಂದ ಕೆರೆದು, ಪಾಲಿಶ್ ಮಾಡಿದ. ಎಲ್ಲ ಸೇರಿ ಅರ್ಧ ಗಂಟೆ. ಓರೆಯಾಗಿ ನೋಡಿದರೆ ಈಗಲೂ ಒಂದು ಮಸುಕು ಚುಕ್ಕಿ ಕಾಣುತ್ತದೆ. "ಕಾಣಬಾರದಿತ್ತು" ಎಂದು ಗ್ಯಾರೇಜಿನವರ ಜೊತೆ ಜಗಳ ಮಾಡಬೇಡಿ. ಬಿರುಕು ಮುಂದೆ ಹರಡದಿರಲಿ ಎಂದು ಮಾಡುವ ಕೆಲಸ ಇದು.

ಆನ್‌ಲೈನಿನಲ್ಲಿ ಕಿಟ್ ಸಿಗುತ್ತದೆ. ದುಂಡಗಿನ ಸಣ್ಣ ಚಿಪ್ ಆದರೆ ಕೈ ಸ್ಥಿರ ಇರುವವರು ಪ್ರಯತ್ನಿಸಬಹುದು. ಕಾಲು ಬಿಟ್ಟಿದ್ದರೆ ಬೇಡ.

ಮಳೆಗಾಲದಲ್ಲಿ

ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಜು ಒಣಗುವುದೇ ದೊಡ್ಡ ಕೆಲಸ. ರಿಪೇರಿಯ ಹಿಂದಿನ ರಾತ್ರಿಯೇ ಕಾರನ್ನು ಶೆಡ್ಡಿನಲ್ಲಿ ಬಿಡಿ. ಚಿಪ್ ಒದ್ದೆ ಇದ್ದರೆ ಒಣಗಿಸಿಯೇ ರೆಸಿನ್ ಹಾಕಲು ಹೇಳಿ. ವೈಪರ್ ರಬ್ಬರ್ ಹಳೆಯದಾಗಿದ್ದರೆ ಮೇ ತಿಂಗಳಲ್ಲೇ ಬದಲಾಯಿಸಿ.

ಇನ್ಶೂರೆನ್ಸ್

ಇಲ್ಲಿ ನನಗೆ ಎರಡನೇ ಪೆಟ್ಟು. ಬಿಸಿನೀರಿನ ಗಾಜಿಗೆ ಕ್ಲೇಮ್ ಹಾಕಿದೆ, ಗಾಜು ಬಂತು, ಖುಷಿಪಟ್ಟೆ. ಮೂರು ವರ್ಷ ಕ್ಲೇಮ್ ಇಲ್ಲದೆ ಕೂಡಿಸಿದ್ದ 35 ಪರ್ಸೆಂಟ್ ನೋ ಕ್ಲೇಮ್ ಬೋನಸ್ (ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಮುಂದಿನ ರಿನ್ಯೂವಲ್‌ನಲ್ಲಿ ಸೊನ್ನೆ. ಯಾರೂ ಹೇಳಿರಲಿಲ್ಲ. ನಾನೂ ಪಾಲಿಸಿ ಓದಿರಲಿಲ್ಲ. ಆದ್ದರಿಂದ ಕ್ಲೇಮ್ ಹಾಕುವ ಮೊದಲು ಎರಡನ್ನೂ ಲೆಕ್ಕ ಹಾಕಿ: ಗಾಜಿನ ಬಿಲ್ ಎಷ್ಟು, ಹೋಗುವ ಬೋನಸ್ ಎಷ್ಟು. ಬೋನಸ್ ಉಳಿಸುವ ಆ್ಯಡ್‌ಆನ್ ಇದ್ದರೆ ಲೆಕ್ಕ ಬೇರೆ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಗಾಜಿಗೆ ಏನೂ ಬರುವುದಿಲ್ಲ. ಗಾಜಿಗೆ ಸವಕಳಿ ಕಡಿತ ಇಲ್ಲ, ಅಂದರೆ ಹಳೆಯದೆಂದು ದುಡ್ಡು ಕಡಿಯುವುದಿಲ್ಲ ಎಂಬುದು ಸಮಾಧಾನ. ಆದರೂ ನಿಮ್ಮ ಕೈಯಿಂದ ಕಡ್ಡಾಯ ಪಾಲು ಹೋಗುತ್ತದೆ: 1500 ಸಿಸಿವರೆಗಿನ ಕಾರಿಗೆ ಸಾಮಾನ್ಯವಾಗಿ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000.

ಗಾಜು ಬದಲಾಯಿಸಿದ ದಿನವೇ ಘಾಟಿ ಇಳಿಯಬೇಡಿ. ಅಂಟು ಗಟ್ಟಿಯಾಗಲು ಎಷ್ಟು ಗಂಟೆ ಬೇಕೆಂದು ಕೇಳಿ, ಅಷ್ಟು ಹೊತ್ತು ಬಿಡಿ. ಕನ್ನಡಿಯ ಹಿಂದೆ ಕ್ಯಾಮೆರಾ ಇರುವ ಹೊಸ ಕಾರಾದರೆ ಅದನ್ನು ಮತ್ತೆ ಸೆಟ್ ಮಾಡಿಸಬೇಕು.

ಟೇಪಿನ ರೋಲ್ ಒಂದು ಸಂಘದ ಆಫೀಸಿನಲ್ಲಿ ಮೇಜಿನ ಮೇಲೆ ಇರುತ್ತದೆ. ಬಂದಾಗ ಒಂದೆರಡು ತುಂಡು ಕತ್ತರಿಸಿ, ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ. ರೋಲನ್ನೇ ಒಯ್ಯಬೇಡಿ. ಹೋದ ವರ್ಷ ಎರಡು ಹೋಗಿವೆ, ಒಂದು ಕತ್ತರಿ ಸಮೇತ.